ಪಾಸ್‌ವರ್ಡ್ ಆಪ್ ಯಾವುದು ಒಳ್ಳೇದು ಅಂತ ಕೇಳುವವರಿಗೆ

“ಸಾರ್, ಯಾವ್ದಾದ್ರೂ ಒಂದು ಪಾಸ್‌ವರ್ಡ್ ಆಪ್ ಹೇಳ್ಬಿಡಿ. ಈಸಿಯಾಗಿರ್ಬೇಕು, ಫ್ರೀ ಇರ್ಬೇಕು, ಹ್ಯಾಕ್ ಆಗ್ಬಾರ್ದು.” ಮೈಸೂರಿನ ಮದುವೆಮನೆ ಪಂಕ್ತಿಯಲ್ಲೂ ಇದೇ ಪ್ರಶ್ನೆ, ಮಂಡ್ಯದ ಬಸ್ಸಿನಲ್ಲೂ ಇದೇ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಕೇಳಿದವರಿಗೆಲ್ಲ ಇದನ್ನೇ ಕಳಿಸುತ್ತೇನೆ.

ಪಾಸ್‌ವರ್ಡ್ ಆಪ್ ಅಂದರೆ ನಿಮ್ಮ ಪಾಸ್‌ವರ್ಡುಗಳನ್ನೆಲ್ಲ ಒಂದೇ ಕಡೆ ಬೀಗ ಹಾಕಿ ಇಟ್ಟು, ಬೇಕಾದಾಗ ತಾನೇ ತುಂಬುವ ಆಪ್. ಹೆಸರು ಬೇಕು ತಾನೆ, ತಗೊಳ್ಳಿ. ಮನೆಯಲ್ಲಿ ಎಲ್ಲರದ್ದೂ ಆಂಡ್ರಾಯ್ಡ್ ಫೋನು, ಕಂಪ್ಯೂಟರಿನಲ್ಲಿ ಕ್ರೋಮ್ ಆದರೆ ಗೂಗಲ್ ಪಾಸ್‌ವರ್ಡ್ ಮ್ಯಾನೇಜರ್ ಸಾಕು. ಹೊಸದಾಗಿ ಏನನ್ನೂ ಹಾಕಿಕೊಳ್ಳಬೇಕಿಲ್ಲ, ಆಗಲೇ ನಿಮ್ಮ ಫೋನಿನಲ್ಲಿದೆ. ಎಲ್ಲವೂ ಆಪಲ್ ಆದರೆ 2024ರಲ್ಲಿ ಐಒಎಸ್ 18ರ ಜೊತೆ ಬಂದ ‘ಪಾಸ್‌ವರ್ಡ್ಸ್’ ಆಪ್. ನಿಮ್ಮದು ಐಫೋನು, ಆಫೀಸಿನಲ್ಲಿ ವಿಂಡೋಸ್, ಮನೆಯವರದು ಆಂಡ್ರಾಯ್ಡ್ ಅಂತ ಕಲಸುಮೇಲೋಗರ ಇದ್ದರೆ ಬಿಟ್‌ವಾರ್ಡನ್. ಅದರ ಉಚಿತ ಖಾತೆಯಲ್ಲೇ ಎಷ್ಟು ಪಾಸ್‌ವರ್ಡ್ ಬೇಕಾದರೂ ಇಡಬಹುದು, ಎಷ್ಟು ಫೋನಿನಲ್ಲಿ ಬೇಕಾದರೂ ತೆರೆಯಬಹುದು. ಇಂಟರ್ನೆಟ್ಟಿನಲ್ಲಿ ಏನನ್ನೂ ಇಡುವುದಿಲ್ಲ ಎನ್ನುವವರಿಗೆ ಕೀಪಾಸ್ ಇದೆ. ಆದರೆ ಅದರ ಫೈಲನ್ನು ಪೆನ್‌ಡ್ರೈವಿಗೆ ನೀವೇ ಕಾಪಿ ಮಾಡುತ್ತಿರಬೇಕು. ಆ ಶಿಸ್ತು ಇಲ್ಲದವರು ಅದರ ತಂಟೆಗೆ ಹೋಗಬೇಡಿ.

ಹೆಸರು ಮುಗಿಯಿತು. ನನಗೆ ಸಿಟ್ಟು ಬರುವುದು “ಈಸಿ” ಅನ್ನುವ ಮಾತಿಗೆ. ಏನನ್ನೂ ನೆನಪಿಟ್ಟುಕೊಳ್ಳದೆ, ಏನನ್ನೂ ಬರೆದಿಡದೆ, ಸಂಜೆಯೊಳಗೆ ಎಲ್ಲ ಸರಿಹೋಗಬೇಕು ಅಂತ ಅದರ ಅರ್ಥ. ಹಾಗೆ ಆಗುವುದಿಲ್ಲ. ನೂರು ಬೀಗದ ಕೈಯನ್ನು ಒಂದು ಪೆಟ್ಟಿಗೆಗೆ ಹಾಕಿದ ಮೇಲೆ ಆ ಪೆಟ್ಟಿಗೆಯ ಬೀಗ ಗಟ್ಟಿ ಇರಲೇಬೇಕು, ಅದರ ಕೀಲಿ ಕಳೆಯಲೂಬಾರದು. ಕೆಲಸವೆಲ್ಲ ಇರುವುದು ಅಲ್ಲಿ.

“ಹ್ಯಾಕ್ ಆಗಲ್ವಾ?” ಅನ್ನುವುದಕ್ಕೂ ಅಲ್ಲೇ ಉತ್ತರವಿದೆ. ಲಾಸ್ಟ್‌ಪಾಸ್ ಎಂಬ ಪಾಸ್‌ವರ್ಡ್ ಆಪ್ ಕಂಪನಿಗೆ 2022ರಲ್ಲಿ ಕಳ್ಳರು ನುಗ್ಗಿ ಗ್ರಾಹಕರ ಪೆಟ್ಟಿಗೆಗಳ ಬ್ಯಾಕಪ್ ಪ್ರತಿಯನ್ನೇ ಹೊತ್ತೊಯ್ದರು. ಯಾವ ಯಾವ ವೆಬ್‌ಸೈಟು ಎಂಬ ವಿಳಾಸಗಳು ಬಯಲಾಗಿದ್ದವು, ಪಾಸ್‌ವರ್ಡುಗಳು ಮಾತ್ರ ಗೂಢಲಿಪಿಯಲ್ಲಿದ್ದವು. ಪೆಟ್ಟಿಗೆ ಕಳ್ಳನ ಕೈಯಲ್ಲಿದ್ದಾಗ ‘ಮೂರು ಸಲ ತಪ್ಪಾದರೆ ಲಾಕ್’ ಅನ್ನುವ ತಡೆ ಇರುವುದಿಲ್ಲ, ಕಂಪ್ಯೂಟರ್ ಹಚ್ಚಿ ಕೋಟಿಗಟ್ಟಲೆ ಸಲ ಪ್ರಯತ್ನಿಸಬಹುದು. ಆಗ ಕಾಯುವುದು ಮುಖ್ಯವಾಗಿ ಮಾಸ್ಟರ್ ಪಾಸ್‌ವರ್ಡಿನ, ಅಂದರೆ ಪೆಟ್ಟಿಗೆಯನ್ನೇ ತೆರೆಯುವ ಆ ಒಂದು ಪಾಸ್‌ವರ್ಡಿನ, ಗಟ್ಟಿತನ.

ಆ ಮಾಸ್ಟರ್ ಪಾಸ್‌ವರ್ಡಿಗೆ ಮನೆದೇವರ ಹೆಸರು, ಮಗುವಿನ ಹೆಸರು, ಗಾಡಿ ನಂಬರು ಬೇಡ. ಮಂಡ್ಯದ ಗಾಡಿ ಕೆಎ 11, ಮೈಸೂರಿನದು 09 ಇಲ್ಲವೇ 55, ಅರ್ಧ ಊಹೆ ಅಲ್ಲಿಗೇ ಮುಗಿಯಿತು. ಒಂದು ದಪ್ಪ ಕನ್ನಡ ನಿಘಂಟು ತಗೊಂಡು, ಕಣ್ಣು ಮುಚ್ಚಿ ಐದು ಕಡೆ ಬಿಡಿಸಿ, ಬೆರಳು ಬಿದ್ದ ಪದ ಬರೆದುಕೊಳ್ಳಿ. ಒನಕೆ, ಜಗಲಿ, ಹುರುಳಿ, ತೊಟ್ಟಿಲು, ಮಿಂಚು ಅಂತ ಬರುತ್ತದೆ ಅಂದುಕೊಳ್ಳಿ (ಇದನ್ನೇ ಇಡಬೇಡಿ). ಪದಗಳನ್ನು ನೀವೇ ಆರಿಸಬಾರದು. ಆರಿಸಿದರೆ ರಾಗಿ, ಮುದ್ದೆ, ಸೊಪ್ಪು, ಸಾರು ಅಂತ ಒಂದರ ಹಿಂದೆ ಒಂದು ಬರುತ್ತದೆ, ಅದು ನಾಲ್ಕು ಪದವಾದರೂ ಒಂದೇ ಯೋಚನೆ. ಲೆಕ್ಕ ಬೇಕಾದರೆ, 7776 ಪದಗಳ ಪಟ್ಟಿಯಿಂದ ದಾಳ ಹಾಕಿ ಐದು ಪದ ತೆಗೆಯುವ ಹಳೆಯ ವಿಧಾನವೊಂದಿದೆ. ಅದರಲ್ಲಿ ಸಾಧ್ಯವಾಗುವ ಜೋಡಣೆಗಳು 28ರ ಮುಂದೆ 18 ಸೊನ್ನೆ ಹಾಕಿದಷ್ಟು.

ಇದನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ. ಕನ್ನಡ ಲಿಪಿಯಲ್ಲೇ ಹಾಕಬಹುದಲ್ಲ ಎಂದು ಅಭಿಮಾನದಿಂದ ಕೇಳುವವರಿದ್ದಾರೆ. ಬೇಡ. ‘ಕೊ’ದಲ್ಲಿರುವ ಒತ್ವವನ್ನು ಕಂಪ್ಯೂಟರು ಒಂದೇ ಸಂಕೇತವಾಗಿಯೂ ಇಡಬಹುದು, ಎರಡು ಸಂಕೇತ ಜೋಡಿಸಿಯೂ ಇಡಬಹುದು. ಕಣ್ಣಿಗೆ ಎರಡೂ ಒಂದೇ, ಪಾಸ್‌ವರ್ಡಿಗೆ ಬೇರೆ ಬೇರೆ. ಇನ್ನೊಂದು ಕೀಬೋರ್ಡಿನಲ್ಲಿ ಟೈಪ್ ಮಾಡಿದ ದಿನ ಪೆಟ್ಟಿಗೆ ತೆರೆಯದೆ ಹೋಗಬಹುದು. ಇಂಗ್ಲಿಷಿನಲ್ಲಿ ಬರೆಯುವಾಗಲೂ ಒಂದು ಎಚ್ಚರಿಕೆ: ತೊಟ್ಟಿಲಿನ ‘ತ’ಕ್ಕೆ ಬರೀ ಟಿ ಹಾಕುತ್ತೀರೋ, ಟಿ ಜೊತೆ ಎಚ್ ಸೇರಿಸುತ್ತೀರೋ? ಮೊದಲ ದಿನವೇ ತೀರ್ಮಾನಿಸಿ, ಹಾಗೇ ಚೀಟಿಯಲ್ಲಿ ಬರೆಯಿರಿ.

ಹೌದು, ಚೀಟಿಯಲ್ಲಿ ಬರೆಯಲೇಬೇಕು. ಬಿಟ್‌ವಾರ್ಡನ್‌ನವರ ಹತ್ತಿರ ನಿಮ್ಮ ಮಾಸ್ಟರ್ ಪಾಸ್‌ವರ್ಡ್ ಇರುವುದಿಲ್ಲ, ‘ಮರೆತೆ’ ಎಂದರೆ ಅವರು ತೆಗೆದುಕೊಡಲಾರರು. ದಿನಾ ಬೆರಳಚ್ಚಿನಲ್ಲಿ ತೆರೆಯುವವರು ಒಂದು ತಿಂಗಳಲ್ಲಿ ಮರೆಯುತ್ತಾರೆ. ಚೀಟಿ ಬೀರುವಿನಲ್ಲಿ ಮನೆಪತ್ರದ ಜೊತೆ ಇರಲಿ, ವಾರಕ್ಕೊಮ್ಮೆ ಬೆರಳಚ್ಚು ಬಿಟ್ಟು ಕೈಯಲ್ಲೇ ಟೈಪ್ ಮಾಡಿ. ದೂರದೇಶದ ಕಳ್ಳನಿಗೆ ನಿಮ್ಮ ಬೀರು ಸಿಗುವುದಿಲ್ಲ. ವಾಟ್ಸಾಪಿನಲ್ಲಿ ತಮಗೆ ತಾವೇ ಕಳಿಸಿಕೊಂಡದ್ದು, ಕಾಂಟ್ಯಾಕ್ಟಿನಲ್ಲಿ ‘ರಾಜು ಬ್ಯಾಂಕ್’ ಅಂತ ಸೇವ್ ಮಾಡಿದ ಪಿನ್ನು, ಫೋನು ತೆರೆದವರಿಗೆಲ್ಲ ಸಿಗುತ್ತದೆ. ಚೀಟಿ ಅದಕ್ಕಿಂತ ಎಷ್ಟೋ ವಾಸಿ.

ಜನ ಸಿಕ್ಕಿಬೀಳುವ ಇನ್ನೊಂದು ಜಾಗವಿದೆ. ಎರಡನೇ ಹಂತದ ಲಾಗಿನ್ (ಪಾಸ್‌ವರ್ಡ್ ಆದ ಮೇಲೆ ಇನ್ನೊಂದು ಗುರುತನ್ನೂ ಕೇಳುವ ವ್ಯವಸ್ಥೆ) ಹಾಕಿಲ್ಲದವರು ಹೊಸ ಫೋನಿನಲ್ಲಿ ಬಿಟ್‌ವಾರ್ಡನ್ ತೆರೆದರೆ ಅದು ಇಮೇಲಿಗೆ ಕೋಡ್ ಕಳಿಸುತ್ತದೆ. ಜಿಮೇಲ್ ಪಾಸ್‌ವರ್ಡ್ ಇರುವುದು ಬಿಟ್‌ವಾರ್ಡನ್ ಒಳಗೆ. ಹಳೇ ಫೋನು ಕಳೆದಿದ್ದರೆ ಎರಡೂ ಬಾಗಿಲು ಒಟ್ಟಿಗೆ ಮುಚ್ಚಿದವು. ಆದ್ದರಿಂದ ಅದೇ ಚೀಟಿಯಲ್ಲಿ ಜಿಮೇಲ್ ಪಾಸ್‌ವರ್ಡೂ ಇರಲಿ. ಗೂಗಲ್ ಖಾತೆಯ ಭದ್ರತೆ ವಿಭಾಗದಲ್ಲಿ ಎರಡು ಹಂತದ ಲಾಗಿನ್ ಹಾಕಿ, ಫೋನು ಕೈಯಲ್ಲಿಲ್ಲದಾಗ ಬಳಸುವ ಬ್ಯಾಕಪ್ ಕೋಡ್ ಕೇಳಿದರೆ 8 ಅಂಕಿಯ 10 ಕೋಡ್ ಕೊಡುತ್ತದೆ, ಒಂದೊಂದೂ ಒಂದೇ ಸಲಕ್ಕೆ. ಪ್ರಿಂಟ್ ಹಾಕಿ ಅಲ್ಲೇ ಇಡಿ. ಗೂಗಲ್ ಮ್ಯಾನೇಜರನ್ನೇ ಬಳಸುವವರಿಗೆ ಇದು ಇನ್ನೂ ಮುಖ್ಯ, ಯಾಕೆಂದರೆ ಅವರ ಪೆಟ್ಟಿಗೆಯೇ ಆ ಖಾತೆ. ಅವರ ಫೋನಿನ ಲಾಕ್ ತೆಗೆಯಲು ಗೊತ್ತಿರುವವರಿಗೆ ಪಾಸ್‌ವರ್ಡುಗಳೂ ಕಾಣುತ್ತವೆ. ಗೇಮ್ ಆಡುವ ಮಗನಿಗೆ ಪ್ಯಾಟರ್ನ್ ಗೊತ್ತಿದ್ದರೆ ಇವತ್ತೇ 6 ಅಂಕಿಯ ಪಿನ್ನಿಗೆ ಬದಲಿಸಿ.

ಒಂದೇ ದಿನ ಎಲ್ಲ ಬದಲಿಸಲು ಕೂರಬೇಡಿ, ಅರ್ಧಕ್ಕೆ ಬಿಡುತ್ತೀರಿ. ಮೊದಲು ಇಮೇಲು, ‘ಫರ್‌ಗಾಟ್ ಪಾಸ್‌ವರ್ಡ್’ ಲಿಂಕುಗಳೆಲ್ಲ ಬರುವುದು ಅಲ್ಲಿಗೆ. ಆಮೇಲೆ ಬ್ಯಾಂಕು, ಪಿಎಫ್, ಆದಾಯ ತೆರಿಗೆ. ಉಳಿದದ್ದು ಆಯಾ ಸೈಟು ತೆರೆದಾಗ ಬದಲಿಸಿದರಾಯಿತು. ಪಾಸ್‌ವರ್ಡನ್ನು ಆಪೇ ಹುಟ್ಟಿಸಲಿ, 20 ಅಕ್ಷರಕ್ಕೆ ಇಡಿ. ಆದಾಯ ತೆರಿಗೆಯ ಸೈಟು 14ಕ್ಕಿಂತ ಹೆಚ್ಚು ಒಪ್ಪುವುದಿಲ್ಲ, ಅಲ್ಲಿ 14. ಕೆಲವು ಸೈಟುಗಳು ಉದ್ದದ್ದನ್ನು ಸದ್ದಿಲ್ಲದೆ ಕತ್ತರಿಸಿ ಉಳಿಸಿಕೊಳ್ಳುತ್ತವೆ. ಅದಕ್ಕೇ ಬದಲಿಸಿದ ತಕ್ಷಣ ಲಾಗೌಟ್ ಆಗಿ ಮತ್ತೆ ಒಳಗೆ ಹೋಗಿ ನೋಡಿ. ಸ್ಟೇಟ್ ಬ್ಯಾಂಕಿನ ನೆಟ್‌ಬ್ಯಾಂಕಿಂಗಿಗೆ ಲಾಗಿನ್ ಪಾಸ್‌ವರ್ಡ್ ಬೇರೆ, ಪ್ರೊಫೈಲ್ ಪಾಸ್‌ವರ್ಡ್ ಬೇರೆ, ಎರಡನೆಯದನ್ನು ಆಪಿನಲ್ಲಿ ಕೆಳಗಿನ ನೋಟ್ಸ್ ಜಾಗದಲ್ಲಿ ಹಾಕಿ. ಯುಪಿಐ ಪಿನ್, ಎಟಿಎಂ ಪಿನ್ ತಲೆಯಲ್ಲೇ ಇರಲಿ. ಕ್ರೋಮ್‌ನಿಂದ ಬಿಟ್‌ವಾರ್ಡನ್‌ಗೆ ಸಾಗಿಸುವಾಗ ಡೌನ್‌ಲೋಡ್ ಆಗುವ ಸಿಎಸ್‌ವಿ ಫೈಲಿನಲ್ಲಿ ಎಲ್ಲವೂ ಬಿಡಿಸಿಟ್ಟ ಹಾಗೆ ಕಾಣುತ್ತದೆ. ಕೆಲಸ ಆದ ಕೂಡಲೇ ಡೌನ್‌ಲೋಡ್ಸ್‌ನಿಂದಲೂ ರೀಸೈಕಲ್ ಬಿನ್‌ನಿಂದಲೂ ಅಳಿಸಿ, ಕ್ರೋಮ್‌ನ ‘ಸೇವ್ ಮಾಡಲೇ?’ ಆಯ್ಕೆಯನ್ನೂ ಆಫ್ ಮಾಡಿ. ಇಲ್ಲದಿದ್ದರೆ ಹಳೆಯದು ಒಂದು ಕಡೆ, ಹೊಸದು ಇನ್ನೊಂದು ಕಡೆ ಉಳಿಯುತ್ತದೆ.

ಆಪ್ ತಾನಾಗಿ ಪಾಸ್‌ವರ್ಡ್ ತುಂಬುವುದು ಸೋಮಾರಿಗಳ ಸೌಕರ್ಯವಲ್ಲ, ದೊಡ್ಡ ಕಾವಲು. “ಕರೆಂಟ್ ಬಿಲ್ ಬಾಕಿ, ರಾತ್ರಿ ಲೈನ್ ಕಟ್” ಎಂಬ ಮೆಸೇಜಿನ ಲಿಂಕ್ ಒತ್ತಿದರೆ ಬ್ಯಾಂಕಿನಂತೆಯೇ ಕಾಣುವ ಪುಟ ಬರಬಹುದು. ನಿಮ್ಮ ಕಣ್ಣು ಮೋಸ ಹೋದೀತು, ಆಪ್ ವಿಳಾಸ ನೋಡುತ್ತದೆ, ವಿಳಾಸ ಬೇರೆಯಾದರೆ ತುಂಬುವುದಿಲ್ಲ. ತುಂಬಲಿಲ್ಲವೆಂದು ಕಾಪಿ ಮಾಡಿ ಅಂಟಿಸಬೇಡಿ, ಅಲ್ಲೇ ನಿಲ್ಲಿ. ಆಗಲೇ ಕೊಟ್ಟುಬಿಟ್ಟಿದ್ದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಯಾರೂ ಕೇಳದ, ಕೇಳಬೇಕಾದ ಪ್ರಶ್ನೆ ಬೇರೆ ಇದೆ: ನಾನು ಆಸ್ಪತ್ರೆಯಲ್ಲಿ ಮಲಗಿದರೆ ಮನೆಯವರು ಏನು ಮಾಡಬೇಕು? ಮಗಳ ಕಾಲೇಜು ಫೀಸಿನ ಲಾಗಿನ್, ಇನ್ಶೂರೆನ್ಸ್ ಪಾಲಿಸಿ, ಕರೆಂಟ್ ಬಿಲ್ಲು ಎಲ್ಲವೂ ಒಬ್ಬರ ಫೋನಿನಲ್ಲಿ, ಆ ಫೋನಿಗೆ ಅವರ ಬೆರಳೇ ಬೇಕು. ಆಪಲ್‌ನಲ್ಲಿ ವಾರಸುದಾರರನ್ನು ನೇಮಿಸಬಹುದು. ಆದರೆ ಅದು ಸತ್ತ ಮೇಲಿನ ಮಾತು, ಆಗಲೂ ಅವರಿಗೆ ಫೋಟೋ ಸಿಗುತ್ತದೆಯೇ ಹೊರತು ಉಳಿಸಿಟ್ಟ ಪಾಸ್‌ವರ್ಡ್ ಸಿಗುವುದಿಲ್ಲ. ಬಿಟ್‌ವಾರ್ಡನ್‌ನ ತುರ್ತು ಪ್ರವೇಶ ಇದಕ್ಕೆಂದೇ ಇದೆ: ನೀವು ಹೆಸರಿಸಿದವರು ಕೋರಿಕೆ ಕಳಿಸುತ್ತಾರೆ, ನೀವು ಗೊತ್ತುಮಾಡಿದಷ್ಟು ದಿನದೊಳಗೆ ನಿರಾಕರಿಸದಿದ್ದರೆ ಪೆಟ್ಟಿಗೆ ಅವರಿಗೆ ತೆರೆಯುತ್ತದೆ. ಅದಕ್ಕೆ ನಿಮ್ಮ ಖಾತೆ ದುಡ್ಡು ಕೊಟ್ಟು ತಗೊಂಡದ್ದಾಗಿರಬೇಕು, ಅವರದು ಉಚಿತದ್ದಾದರೂ ನಡೆಯುತ್ತದೆ. ಒಂದು ವಾರದ ಗಡುವು ಇಟ್ಟರೆ ಸರಿ.

ದುಡ್ಡು ಬೇಡವೆಂದರೆ ಬೀರುವಿನ ಚೀಟಿಯನ್ನೇ ಕವರಿಗೆ ಹಾಕಿ ಅಂಟಿಸಿ. ಒಳಗೆ ಫೋನಿನ ಪಿನ್ನು, ಮಾಸ್ಟರ್ ಪಾಸ್‌ವರ್ಡು, ಜಿಮೇಲಿನದ್ದು, ಬ್ಯಾಕಪ್ ಕೋಡು, ಯಾವ ಬ್ಯಾಂಕಿನಲ್ಲಿ ಖಾತೆ, ನಾಮಿನಿ ಯಾರು. ಮೇಲೆ ದಿನಾಂಕ ಬರೆದು ಅಂಟಿನ ಮೇಲೆ ಸಹಿ ಹಾಕಿ, ಯಾರಾದರೂ ಬಿಡಿಸಿದ್ದರೆ ತಿಳಿಯುತ್ತದೆ. ಹೆಂಡತಿಗೋ ಗಂಡನಿಗೋ ಕವರ್ ಎಲ್ಲಿದೆ ಎಂದು ತೋರಿಸಿ. ಪಿನ್ ಬದಲಿಸಿದ ದಿನ, ಹೊಸ ಫೋನ್ ತಂದ ದಿನ ಹಳೇ ಚೀಟಿ ಹರಿದು ಹೊಸದು ಬರೆಯಿರಿ, ಮತ್ತು ಅಂಟಿಸುವ ಮೊದಲು ಚೀಟಿ ನೋಡಿಕೊಂಡು ಮನೆಯವರ ಕೈಯಲ್ಲೇ ಒಂದು ಸಲ ಟೈಪ್ ಮಾಡಿಸಿ.