ಎಲ್ಕ್ ಸೀಸನ್‌ಗೆ ಮನೆಯಲ್ಲೇ ಕಟ್ಟಿದ ತೋಟಾ: ಬೇಸಿಗೆಯ ಟೆಸ್ಟಿಂಗ್ ಟಿಪ್ಪಣಿ

ಮೇ ಕೊನೆ

ಅಕ್ಟೋಬರ್‌ನಲ್ಲಿ ಕೊಲೊರಾಡೊದ ಎಲ್ಕ್ (ದೊಡ್ಡ ಜಾತಿಯ ಜಿಂಕೆ) ಬೇಟೆಯ ಸೀಸನ್. ಅಷ್ಟರೊಳಗೆ ನನ್ನ .30-06 ರೈಫಲ್‌ಗೆ ನಂಬಿಕೆಯ ಒಂದು ಲೋಡ್, ಅಂದರೆ ಗುಂಡು-ಪೌಡರ್‌ನ ಸರಿಯಾದ ಹೊಂದಾಣಿಕೆ, ಸಿದ್ಧವಾಗಬೇಕು. ಆಮೇಲೆ ಅದಕ್ಕೆ ಕೈ ಹಾಕುವ ಹಾಗಿಲ್ಲ. ರೈಫಲ್ ವಿಂಚೆಸ್ಟರ್ ಮಾಡೆಲ್ 70, ನಳಿಕೆ 22 ಇಂಚು. ಇಲ್ಲಿನ ಕಾನೂನು ಎಲ್ಕ್‌ಗೆ ಕೇಳುವುದು ಕಡಿಮೆಯೇ: ಕನಿಷ್ಠ 85 ಗ್ರೇನ್ (ಗುಂಡು, ಪೌಡರ್ ತೂಗುವ ಅಳತೆ) ಗುಂಡು, 100 ಗಜದಲ್ಲಿ 1,000 ಫುಟ್-ಪೌಂಡ್ ಶಕ್ತಿ. .30-06 ಅದನ್ನು ನಿದ್ದೆಯಲ್ಲೇ ದಾಟುತ್ತದೆ.

ಗುಂಡಿನ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ನೊಸ್ಲರ್ ಪಾರ್ಟಿಷನ್, 180 ಗ್ರೇನ್. ಒಳಗೆ ಸೀಸದ ಎರಡು ತುಂಡು, ನಡುವೆ ತಾಮ್ರದ ಅಡ್ಡಗೋಡೆ. ಮುಂದಿನ ಅರ್ಧ ಹೂವಿನಂತೆ ಅರಳಿದರೂ ಹಿಂದಿನ ಅರ್ಧ ಗಟ್ಟಿಯಾಗಿ ಉಳಿದು ಆಳಕ್ಕೆ ಹೋಗುತ್ತದೆ. 1946ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಮೂಸ್ (ಇನ್ನೂ ದೊಡ್ಡ ಜಿಂಕೆ) ಬೇಟೆಯಾಡುವಾಗ ಜಾನ್ ನೊಸ್ಲರ್ ಅವರ ಗುಂಡುಗಳು ಆಳಕ್ಕೆ ಇಳಿಯಲಿಲ್ಲ. ಆ ಸಿಟ್ಟಿನಲ್ಲಿ ಹುಟ್ಟಿದ್ದು ಈ ಗುಂಡು. ಹಳೇ ಡಿಸೈನ್, ಆದರೆ ಎಲ್ಕ್‌ನ ಭುಜದ ಮೂಳೆಗೆ ಅದು ಗೊತ್ತಿಲ್ಲ, ಅಲ್ವಾ.

ಊರಿಗೆ ಫೋನ್ ಮಾಡಿದಾಗ ಚಿಕ್ಕಪ್ಪನಿಗೆ ಇದೆಲ್ಲ ವಿಚಿತ್ರ. ಕೊಡಗಿನಲ್ಲಿ ಕೈಲ್ ಪೊಳ್ದ್ ಹಬ್ಬದ ದಿನ ಕೋವಿಗೆ ಹೂವಿಟ್ಟು ಪೂಜೆ ಮಾಡುವ ಮನೆ ನಮ್ಮದು. ಬೇಟೆಯ ಮಾತು ಮಾತ್ರ 1972ರ ವನ್ಯಜೀವಿ ಕಾಯ್ದೆಯ ಜೊತೆ ಹಳೆಯ ಕಥೆಯಾಯಿತು. "ಅಂಗಡಿಯಲ್ಲಿ ಸಿಗೋದನ್ನ ಮನೇಲಿ ಯಾಕೆ ಮಾಡ್ತೀಯ?" ಅಂತಾರೆ. ದುಡ್ಡು ಉಳಿಯುತ್ತದೆ ಅಂತ ಹೇಳಿದರೆ ಸುಳ್ಳಾಗುತ್ತದೆ. ಉಳಿದದ್ದಕ್ಕೆಲ್ಲ ಇನ್ನಷ್ಟು ಪೌಡರ್ (ಕೋವಿಮದ್ದು) ಬಂದಿರುತ್ತದೆ.

ಜೂನ್

ಪೌಡರ್ ಎಚ್4350. ಎಷ್ಟು ಗ್ರೇನ್ ಅಂತ ಬೇಕೆಂದೇ ಬರೆಯುತ್ತಿಲ್ಲ. ನನ್ನ ನಳಿಕೆಗೆ ಹೊಂದಿದ್ದು ನಿಮ್ಮದಕ್ಕೆ ಜಾಸ್ತಿಯಾಗಬಹುದು. ಹಾಡ್ಜ್‌ಡನ್ (ಪೌಡರ್ ಮಾರುವ ಕಂಪನಿ) ಅಥವಾ ನೊಸ್ಲರ್ ಮ್ಯಾನುಯಲ್ ತೆಗೆದು, ಅದರ ಆರಂಭದ ಲೋಡ್‌ನಿಂದಲೇ ಹತ್ತಬೇಕು. ನಾನು ಅರ್ಧ ಗ್ರೇನ್‌ನಂತೆ ಹತ್ತಿದೆ. ಒಂದು ಗ್ರೇನ್ ಅಂದರೆ ಸುಮಾರು 65 ಮಿಲಿಗ್ರಾಂ. ಇಷ್ಟು ಸಣ್ಣ ಅಳತೆಯ ಆಟ, ಒಳಗಿನ ಒತ್ತಡದ ಮಿತಿಯೋ ಚದರ ಇಂಚಿಗೆ 60,000 ಪೌಂಡ್.

ಹಾಗಾಗಿ ಪ್ರತಿ ಹೊಡೆತದ ನಂತರ ಮೊದಲು ನೋಡುವುದು ಗುರಿಹಲಗೆಯನ್ನಲ್ಲ, ಖಾಲಿ ಕೇಸನ್ನು, ಅಂದರೆ ತೋಟಾದ ಹಿತ್ತಾಳೆಯ ಕವಚವನ್ನು. ಬೋಲ್ಟ್ (ನಳಿಕೆಯ ಹಿಂಬದಿ ಮುಚ್ಚುವ ಭಾಗ) ಎತ್ತುವಾಗ ಬಿಗಿ ಇತ್ತಾ? ಪೌಡರ್‌ಗೆ ಕಿಡಿ ಕೊಡುವ ತಳದ ಪುಟ್ಟ ಬಿಲ್ಲೆ, ಪ್ರೈಮರ್‌ನ ಅಂಚು ಇನ್ನೂ ದುಂಡಗಿದೆಯಾ, ಇಲ್ಲ ಚಪ್ಪಟೆಯಾಗಿ ಸುತ್ತಲ ಹಿತ್ತಾಳೆಗೆ ಒತ್ತಿಕೊಂಡಿದೆಯಾ? ಕೇಸಿನ ತಳದಲ್ಲಿ ಅದನ್ನು ಹೊರಗೆಸೆಯುವ ಎಜೆಕ್ಟರ್‌ನ ಹೊಳೆಯುವ ಗುರುತು ಬಿದ್ದಿದೆಯಾ? ಮ್ಯಾನುಯಲ್‌ನ ಗರಿಷ್ಠಕ್ಕಿಂತ ಸ್ವಲ್ಪ ಕೆಳಗೆ ಬೋಲ್ಟ್ ಒಂಚೂರು ಬಿಗಿಯಾದ ಹಾಗೆ ಕಂಡಿತು. ಅಲ್ಲಿಗೇ ನಿಲ್ಲಿಸಿ ಒಂದು ಗ್ರೇನ್ ಕೆಳಗಿಳಿದೆ. ವೇಗ ಸೆಕೆಂಡಿಗೆ 2,680 ಅಡಿ ಆಸುಪಾಸು. ಇನ್ನೊಂದು 50 ಅಡಿ ಸಿಕ್ಕಿದ್ದರೆ ಎಲ್ಕ್‌ಗೆ ಗೊತ್ತಾಗುತ್ತಿತ್ತಾ?

ಹಳೆಯ ಕೇಸುಗಳಿಗೆ ಇನ್ನೊಂದು ಪರೀಕ್ಷೆ ಇದೆ. ಪೇಪರ್ ಕ್ಲಿಪ್ ನೇರ ಮಾಡಿ, ತುದಿಯನ್ನು ಸಣ್ಣ ಕೊಕ್ಕೆಯಂತೆ ಬಗ್ಗಿಸಿ, ಕೇಸಿನೊಳಗೆ ಇಳಿಸಿ, ತಳದಿಂದ ಮೇಲಕ್ಕೆ ಗೋಡೆಗೆ ತಾಗಿಸಿಕೊಂಡು ಎಳೆಯಬೇಕು. ನುಣ್ಣಗೆ ಬಂದರೆ ಸರಿ. ತಳದಿಂದ ಸ್ವಲ್ಪ ಮೇಲೆ ತುದಿ ಟಕ್ ಅಂತ ಒಂದು ಗೀರಿಗೆ ಸಿಕ್ಕಿದರೆ ಅಲ್ಲಿ ಹಿತ್ತಾಳೆ ತೆಳ್ಳಗಾಗಿದೆ ಎಂದರ್ಥ. ಮುಂದಿನ ಹೊಡೆತದಲ್ಲಿ ಕೇಸು ಎರಡು ಹೋಳಾದರೂ ಆಶ್ಚರ್ಯವಿಲ್ಲ. ಅಂಥದ್ದನ್ನು ಇಕ್ಕಳದಲ್ಲಿ ಜಜ್ಜಿ ಕಸಕ್ಕೆ ಹಾಕುತ್ತೇನೆ. ಸುಮ್ನೆ ಪಕ್ಕಕ್ಕಿಟ್ಟರೆ ಒಂದು ದಿನ ಅದು ಮತ್ತೆ ಒಳ್ಳೆಯವುಗಳ ಜೊತೆ ಸೇರಿಕೊಳ್ಳುತ್ತದೆ.

ಜುಲೈ

ಈಗ ಗುಂಪಿನ ವಿಚಾರ, ಅಂದರೆ ಗುಂಡುಗಳು ಗುರಿಹಾಳೆಯಲ್ಲಿ ಎಷ್ಟು ಹತ್ತಿರ ಹತ್ತಿರ ಬೀಳುತ್ತವೆ ಅನ್ನುವುದು. ಮೂರು ಗುಂಡು ಹೊಡೆದು, ಮೂರೂ ಅರ್ಧ ಇಂಚಿನಲ್ಲಿ ಬಿದ್ದರೆ ಫೋಟೋ ತೆಗೆಯುವ ಆಸೆ ಯಾರಿಗಿಲ್ಲ? ಆದರೆ ಆ ಫೋಟೋವನ್ನು ನಾನು ನಂಬುವುದಿಲ್ಲ. ಅದೇ ರೈಫಲ್, ಅದೇ ತೋಟಾ, ಹತ್ತು ಗುಂಡು ಹೊಡೆದರೆ ಗುಂಪು ಸರಾಸರಿಯಲ್ಲಿ ಒಂದೂವರೆ ಪಟ್ಟಿಗಿಂತ ಜಾಸ್ತಿ ದೊಡ್ಡದಾಗುತ್ತದೆ. ರೈಫಲ್ ಕೆಟ್ಟಿಲ್ಲ, ಲೆಕ್ಕ ಇರುವುದೇ ಹಾಗೆ. ಮೂರರ ಚೆಂದದ ಗುಂಪು ಎಷ್ಟೋ ಸಲ ಬರೀ ಅದೃಷ್ಟ. ನನ್ನ ಹತ್ತರ ಗುಂಪು 100 ಗಜದಲ್ಲಿ ಒಂದೂವರೆ ಇಂಚಿಗೆ ಚೂರು ಜಾಸ್ತಿ ಬಂತು. ಎಲ್ಕ್‌ನ ಹೃದಯ, ಶ್ವಾಸಕೋಶದ ಜಾಗ ಊಟದ ತಟ್ಟೆಗಿಂತ ಚಿಕ್ಕದಲ್ಲ. ಸಾಕೇ ಸಾಕು.

ನನಗೆ ಮುಖ್ಯವಾದದ್ದು ತಣ್ಣಗಿನ ನಳಿಕೆಯ ಮೊದಲ ಗುಂಡು. ಕಾಡಿನಲ್ಲಿ ಬೆಚ್ಚಗಾಗುವ ಹೊಡೆತ ಅಂತ ಯಾವುದೂ ಇರುವುದಿಲ್ಲ. ಅದಕ್ಕೇ ರೇಂಜಿಗೆ ಹೋದಾಗಲೆಲ್ಲ ಮೊದಲ ಗುಂಡನ್ನು ಒಂದೇ ಗುರಿಹಾಳೆಗೆ ಹೊಡೆದು, ಆ ಹಾಳೆಯನ್ನು ಸುರುಳಿ ಸುತ್ತಿ ಜೋಪಾನ ಮಾಡಿದ್ದೇನೆ. ಬೇರೆ ಬೇರೆ ದಿನದ ತೂತುಗಳು ಒಂದೇ ಹಾಳೆಯಲ್ಲಿವೆ. ಎಲ್ಲವೂ ಎರಡು ಇಂಚಿನೊಳಗೆ. ಅರ್ಧ ಇಂಚಿನ ಫೋಟೋಗಿಂತ ಈ ಕೊಳಕು ಹಾಳೆಯ ಮೇಲೆ ನನಗೆ ಪ್ರೀತಿ ಜಾಸ್ತಿ.

ಆಗಸ್ಟ್

ಬೇಸಿಗೆಯ ಬಿಸಿಲಲ್ಲಿ ಸರಿಹೋದ ತೋಟಾ ಅಕ್ಟೋಬರ್‌ನ ಮಂಜು ಕಟ್ಟಿದ ಬೆಳಗಿನಲ್ಲಿ ಹೇಗಿರುತ್ತದೆ? ಎಚ್4350ಗೆ ಬಿಸಿ-ಚಳಿಯ ವ್ಯತ್ಯಾಸ ಕಡಿಮೆ ಅನ್ನುತ್ತಾರೆ. ನೋಡೇ ಬಿಡೋಣ ಅಂತ ಒಂದಷ್ಟು ತೋಟಾ ರಾತ್ರಿಯಿಡೀ ಐಸ್ ಪೆಟ್ಟಿಗೆಯಲ್ಲಿಟ್ಟೆ. ಒಂದೊಂದೇ ತೆಗೆದು, ಹಾಕಿದ ತಕ್ಷಣ ಹೊಡೆಯಬೇಕು. ಬಿಸಿ ನಳಿಕೆಯಲ್ಲಿ ಕೂತರೆ ತೋಟಾವೂ ಬಿಸಿಯಾಗಿ ಪರೀಕ್ಷೆಯೇ ಕೆಡುತ್ತದೆ. ವೇಗ ಇಳಿದದ್ದು 20 ಅಡಿಯೊಳಗೆ. 300 ಗಜದಲ್ಲಿ ಅದು ಕಾಣುವಷ್ಟು ವ್ಯತ್ಯಾಸವೇ ಅಲ್ಲ.

ಕೊನೆಯ ಕೆಲಸ ಬೇಸರದ್ದು, ಆದರೆ ಬಿಡುವ ಹಾಗಿಲ್ಲ. ಬೇಟೆಗೆ ಒಯ್ಯುವ ಪ್ರತಿ ತೋಟಾವನ್ನೂ ರೇಂಜಿನಲ್ಲಿ, ನಳಿಕೆ ಸುರಕ್ಷಿತ ದಿಕ್ಕಿಗೆ ತಿರುಗಿಸಿಕೊಂಡು, ಮ್ಯಾಗಜಿನ್‌ನಿಂದ ಒಳಗೆ ತಳ್ಳಿ ಹೊರಗೆ ತೆಗೆದೆ. ಉದ್ದ 3.340 ಇಂಚಿನೊಳಗೇ ಇಟ್ಟಿರುವುದರಿಂದ ಒಂದೂ ಸಿಕ್ಕಿಹಾಕಿಕೊಳ್ಳಲಿಲ್ಲ.

ಇನ್ನು ಬೆಂಚ್ ಮೇಲೆ ರೈಫಲ್ ಇಟ್ಟು ಹೊಡೆದದ್ದು ಸಾಕು. ಸೆಪ್ಟೆಂಬರ್ ಪೂರ್ತಿ ನೆಲದ ಮೇಲೆ ಕೂತು, ಕೋಲಿಗೆ ಒರಗಿಸಿ, 200 ಗಜಕ್ಕೆ ಹೊಡೆಯುವ ಅಭ್ಯಾಸ. ಮಾಂಸದಲ್ಲಿ ಸೀಸದ ಚೂರು ಬೇಡ ಅಂತ ಮನೆಯಲ್ಲಿ ಮಾತು ಶುರುವಾಗಿದೆ. ಕ್ಯಾಲಿಫೋರ್ನಿಯಾದಲ್ಲಂತೂ 2019ರ ಜುಲೈನಿಂದ ಬೇಟೆಗೆ ಸೀಸದ ಗುಂಡೇ ನಿಷೇಧ. ಹಾಗಾಗಿ ಚಳಿಗಾಲ ಕಳೆದ ಮೇಲೆ ಪೂರ್ತಿ ತಾಮ್ರದ 165 ಗ್ರೇನ್ ಗುಂಡಿಗೆ ಹೊಸ ಲೋಡ್, ಮತ್ತೆ ಆರಂಭದ ಅಳತೆಯಿಂದ.