ಸಿಎಸ್‌ಟಿ ಎಂಬ ಮೂರಕ್ಷರದ ಕಾಟ ಮತ್ತು ಒಂದು ಐವಿ ಕ್ಯಾನುಲಾ

ಸೆಫ್ಟ್ರಿಯಾಕ್ಸೋನ್ ಎಂಬ ಆಂಟಿಬಯಾಟಿಕ್ ಇಂಜೆಕ್ಷನ್ ಕೊನೆಗೂ ಲೆಕ್ಕಕ್ಕೆ ಸಿಕ್ಕಿತು! ಮೆಡಿಸಿನ್ ವಾರ್ಡಿನಲ್ಲಿ ಅಡ್ಮಿಟ್ ಆದವರಿಗೆ ಡಾಕ್ಟರುಗಳು ಏನು ಬರೆಯುತ್ತಾರೆ, ಎಷ್ಟು ಬರೆಯುತ್ತಾರೆ ಎಂದು ನೋಡುವ ನನ್ನ ಪ್ರಾಜೆಕ್ಟ್ ಇದೊಂದರಲ್ಲೇ ಹೂತುಕೊಂಡಿತ್ತು. ಎಥಿಕ್ಸ್ ಕಮಿಟಿ, ಫಾರ್ಮ್, ಔಷಧಿಗಳನ್ನು ವಿಂಗಡಿಸುವ ಎಟಿಸಿ ಕೋಡ್ ಹಾಕುವ ಕೆಲಸ, ಇದೆಲ್ಲ ನೀವೂ ಮಾಡಿದವರೇ. ಅದನ್ನು ಬಿಟ್ಟು ಮುಂದೆ ಹೋಗೋಣ.

ನನಗೆ ಬೇಕಿದ್ದದ್ದು 100 ಬೆಡ್-ಡೇಗೆ ಎಷ್ಟು ಡಿಡಿಡಿ ಎಂಬ ಅಂಕಿ. ಒಂದು ಹಾಸಿಗೆಯಲ್ಲಿ ರೋಗಿ ಒಂದು ದಿನ ಇದ್ದರೆ ಒಂದು ಬೆಡ್-ಡೇ. ಡಿಡಿಡಿ ಅಂದರೆ ಒಬ್ಬ ವಯಸ್ಕನಿಗೆ ದಿನಕ್ಕೆ ಸರಾಸರಿ ಇಷ್ಟು ಎಂದು ಡಬ್ಲ್ಯೂಎಚ್‌ಒ (ವಿಶ್ವ ಆರೋಗ್ಯ ಸಂಸ್ಥೆ) ಪ್ರತಿ ಔಷಧಿಗೂ ಇಟ್ಟ ಅಳತೆ. ಅದಕ್ಕೆ ರೋಗಿಯ ಮೈಗೆ ನಿಜಕ್ಕೂ ಎಷ್ಟು ಗ್ರಾಂ ಹೋಯಿತು ಎಂದು ಗೊತ್ತಾಗಬೇಕು. ಶುರುವಾದ ದಿನ ಚಾರ್ಟಿನಲ್ಲಿ ಸ್ಪಷ್ಟವಾಗಿರುತ್ತದೆ: 1 ಗ್ರಾಂ, ಐವಿ (ಅಂದರೆ ನರಕ್ಕೆ), ದಿನಕ್ಕೆ ಎರಡು ಸಲ. ನಿಂತ ದಿನ ಯಾವುದು? ಮರುದಿನದ ರೌಂಡ್ಸ್ ನೋಟ್ ತೆಗೆದರೆ 'ಸಿಎಸ್‌ಟಿ'. ಅಂದರೆ ಕಂಟಿನ್ಯೂ ಸೇಮ್ ಟ್ರೀಟ್‌ಮೆಂಟ್. ಅದರ ಮರುದಿನವೂ ಸಿಎಸ್‌ಟಿ. ಆಮೇಲೆ 'ಪೇಷಂಟ್ ಬೆಟರ್, ಸಿಎಸ್‌ಟಿ'. ಆಮೇಲೆ ನೇರವಾಗಿ ಡಿಸ್ಚಾರ್ಜ್, ಕೈಯಲ್ಲಿ ಸೆಫಿಕ್ಸಿಮ್ ಮಾತ್ರೆ. ನಡುವೆ ಇಂಜೆಕ್ಷನ್ ಯಾವಾಗ ನಿಂತಿತು ಎಂಬುದು ದೇವರಿಗೇ ಗೊತ್ತು.

ನರ್ಸಿಂಗ್ ಚಾರ್ಟ್ ನೋಡಿದರೆ ಇನ್ನೊಂದು ಕಥೆ. ಕೆಲವು ಕಡೆ ಬಾಯಿಮಾತಿನಲ್ಲಿ 'ನಿಲ್ಲಿಸಿ ಸಿಸ್ಟರ್' ಅಂದಿರುತ್ತಾರೆ, ಡೋಸ್ ಕೊಟ್ಟ ಗುರುತಿನ ಟಿಕ್ ಅಲ್ಲಿಗೇ ನಿಂತಿದೆ. ಕೆಲವು ಕಡೆ ಶಿಫ್ಟ್ ಮುಗಿಯುವಾಗ ಇಡೀ ಸಾಲಿಗೆ ಒಟ್ಟಿಗೆ ಟಿಕ್ ಬಿದ್ದಿದೆ. ಫಾರ್ಮಸಿಯ ಲೆಕ್ಕ ಮೂರನೆಯದು. ಒಂದು ಉದಾಹರಣೆ ಹೇಳುತ್ತೇನೆ. ಡಾಕ್ಟರ್ ನೋಟ್ ಪ್ರಕಾರ 5 ದಿನ, ಟಿಕ್ ಪ್ರಕಾರ 3 ದಿನ, ಫಾರ್ಮಸಿಯಿಂದ ಹೋದದ್ದು 1 ಗ್ರಾಮಿನ 8 ವಯಲ್. ಸೆಫ್ಟ್ರಿಯಾಕ್ಸೋನ್ ಡಿಡಿಡಿ 2 ಗ್ರಾಂ. ಹಾಗಾಗಿ ಒಬ್ಬನೇ ರೋಗಿಗೆ 5, 3, 4 ಡಿಡಿಡಿ ಎಂದು ಮೂರು ಉತ್ತರ. ಯಾವುದನ್ನು ಹಿಡಿಯೋದು?

ಮೊದಲು ಕೈಹಿಡಿದದ್ದು ಬಿಲ್. ನಮ್ಮ ಜನ ಬಳಸದ ಒಂದು ವಯಲ್ಲನ್ನೂ ಬಿಟ್ಟು ಹೋಗುವುದಿಲ್ಲ. ಡಿಸ್ಚಾರ್ಜ್ ದಿನ ರೋಗಿಯ ಕಡೆಯವರು ಚೀಲ ಹಿಡಿದು ಫಾರ್ಮಸಿ ಕೌಂಟರಿನಲ್ಲಿ ನಿಂತಿರುತ್ತಾರೆ. ಹೋದದ್ದರಲ್ಲಿ ವಾಪಸ್ ಬಂದದ್ದು ಕಳೆದರೆ ಉಳಿಯುವ ಅಂಕಿ ಯಾವ ಚಾರ್ಟಿಗಿಂತಲೂ ಪ್ರಾಮಾಣಿಕ. ಆದರೆ ಸರ್ಕಾರದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯ ರೋಗಿಗಳಿಗೆ ಪ್ಯಾಕೇಜ್. ನಮ್ಮಲ್ಲಿ ಅವರ ಔಷಧಿ ವಾರ್ಡ್ ಸ್ಟಾಕಿನಿಂದ ಹೋಗುತ್ತದೆ. ಬಿಲ್ಲೂ ಇಲ್ಲ, ವಾಪಸೂ ಇಲ್ಲ.

ಅವರ ವಿಷಯದಲ್ಲಿ ದಾರಿ ತೋರಿಸಿದ್ದು ಕ್ಯಾನುಲಾ, ಅಂದರೆ ಐವಿ ಔಷಧಿ ಕೊಡಲು ಕೈಯ ನರಕ್ಕೆ ಚುಚ್ಚಿಟ್ಟಿರುವ ಸಣ್ಣ ಕೊಳವೆ. ಕ್ಯಾನುಲಾ ತೆಗೆದ ಹೊತ್ತನ್ನು ಸಿಸ್ಟರ್‌ಗಳು ನರ್ಸಸ್ ನೋಟ್ಸ್‌ನಲ್ಲಿ ತಪ್ಪದೆ ಬರೆಯುತ್ತಾರೆ, ಕೈ ಊದಿಕೊಂಡರೆ ಪ್ರಶ್ನೆ ಅವರಿಗೇ ಬರುತ್ತದಲ್ವಾ! ಕ್ಯಾನುಲಾ ಹೋದ ಮೇಲೆ ಐವಿ ಎಲ್ಲಿಂದ ಬರಬೇಕು? ಎಡಗೈಯಿಂದ ತೆಗೆದು ಬಲಗೈಗೆ ಹಾಕಿದ್ದರೆ ಅದು ಲೆಕ್ಕಕ್ಕಿಲ್ಲ. ಕೊನೆಯ ಸಲ ತೆಗೆದದ್ದೇ ಗಡಿ. ಅದರಾಚೆಗಿನ ಟಿಕ್‌ಗಳೆಲ್ಲ ಔಟ್. ಬಿಲ್ ಇರುವ ರೋಗಿಗಳ ಮೇಲೆ ಇದನ್ನು ಒರೆಹಚ್ಚಿದೆ. ಎರಡೂ ಲೆಕ್ಕ ಬಹುಪಾಲು ಕೂಡಿ ಬಂದವು. ಆ ದಿನ ಕ್ಯಾಂಟೀನಿನಲ್ಲಿ ಎರಡು ಮಸಾಲೆ ದೋಸೆ.

ಈಗ ಸ್ವಲ್ಪ ಗೊಣಗಾಟ. ಸಾಫ್ಟ್‌ವೇರ್ ಕೊಟ್ಟ ಕಂಪನಿಯವರು ಎಕ್ಸ್‌ಪೋರ್ಟ್ ಮಾಡಿದ ಫೈಲಿನಲ್ಲಿ ಔಷಧಿಯ ಹೆಸರು ಅರ್ಧಕ್ಕೇ ಕತ್ತರಿಸಿ ಬಂದಿದೆ. ಪಿಪರಾಸಿಲಿನ್ ಮತ್ತು ಟ್ಯಾಜೋಬ್ಯಾಕ್ಟಮ್ ಸೇರಿದ ಆಂಟಿಬಯಾಟಿಕ್ ಬರೀ 'ಪಿಪರಾಸಿಲಿನ್ ಟ್ಯಾಜೋ' ಅಂತ ಇದೆ, ಮುಂದಿನದು ಮಾಯ. ವಯಲ್ 4.5 ಗ್ರಾಮಿನದೋ, 2.25ರದೋ? ಕಾಲಂ ಉದ್ದ ಮಾಡಿ ಅಂದರೆ 'ಅದಕ್ಕೆ ಬೇರೆ ಕೊಟೇಶನ್ ಸಾರ್' ಅಂದರು. ಅದರ ಡಿಡಿಡಿ 14 ಗ್ರಾಂ ಪಿಪರಾಸಿಲಿನ್‌ಗೆ ಮಾತ್ರ, ಟ್ಯಾಜೋಬ್ಯಾಕ್ಟಮ್ ಸೇರುವುದಿಲ್ಲ. ಹಾಗಾಗಿ 4.5ರಲ್ಲಿ ಹಿಡಿಯಬೇಕಾದದ್ದು 4. ಇಷ್ಟು ಸೂಕ್ಷ್ಮ ಇರುವ ಕಡೆ ಅಂಕಿಯನ್ನೇ ನುಂಗಿದರೆ ಏನು ಮಾಡೋದು? ಫಾರ್ಮ್ ಮುದ್ರಿಸಿದವರದು ಇನ್ನೊಂದು ಗತಿ. ಹೊಳೆಯುವ ಕಾಗದ, ಬಾಲ್‌ಪೆನ್ ಜಾರಿ ಹೋಗುತ್ತದೆ. 'ಕ್ವಾಲಿಟಿ ಸಾರ್' ಅಂತೆ.

ಹಳೆಯ ಪೇಪರ್‌ಗಳ ಜೊತೆ ಹೋಲಿಸುವವರು 2019ರ ಬದಲಾವಣೆ ನೋಡಿಕೊಳ್ಳಿ. ಆಗ ಮೆರೊಪೆನೆಮ್ ಎಂಬ ಆಂಟಿಬಯಾಟಿಕ್‌ನ ಡಿಡಿಡಿ 2 ಗ್ರಾಮಿನಿಂದ 3ಕ್ಕೆ ಹೋಯಿತು. ವಾರ್ಡಿನಲ್ಲಿ ಒಂದು ಹನಿ ಕಮ್ಮಿ ಆಗದಿದ್ದರೂ ಕಾಗದದ ಮೇಲೆ ಮೂರನೇ ಒಂದು ಭಾಗ ಇಳಿಯುತ್ತದೆ. ಅದನ್ನು ಸ್ಟೂವರ್ಡ್‌ಶಿಪ್‌ನ (ಆಂಟಿಬಯಾಟಿಕ್ ಹಿತಮಿತವಾಗಿ ಬಳಸುವ ಕಾರ್ಯಕ್ರಮದ) ಗೆಲುವು ಎಂದು ಸ್ಲೈಡ್‌ನಲ್ಲಿ ಹಾಕಬೇಡಿ. ಇನ್ನು, ಒಬ್ಬ ರೋಗಿಗೆ ಸರಾಸರಿ ಎಷ್ಟು ಔಷಧಿ ಎಂಬ ಪ್ರಶ್ನೆ ನನಗೆ ಬೇಡವೇ ಬೇಡ. ಆ ಪ್ರಶ್ನೆ ಇರುವ ಡಬ್ಲ್ಯೂಎಚ್‌ಒದ 1993ರ ಔಷಧಿ ಬಳಕೆ ಸೂಚಕಗಳು ಹೊರರೋಗಿಗಳಿಗೆ ಎಂದು ಮಾಡಿದವು. ಹಾರ್ಟ್ ಫೇಲ್ಯೂರ್ ಆಗಿ ಮಲಗಿದವರಿಗೆ ಆ ಅಳತೆ ಹಿಡಿದರೆ ಎಲ್ಲ ಡಾಕ್ಟರೂ ಫೇಲ್.

ಈ ಕೆಲಸದ ನಡುವೆ ಇನ್ನೊಂದು ಹುಳ ತಲೆಗೆ ಹೊಕ್ಕಿದೆ: ಹೊಟ್ಟೆಯ ಆಮ್ಲ ತಗ್ಗಿಸುವ ಪ್ಯಾಂಟೊಪ್ರಝೋಲ್. ಯಾವ ಫೈಲ್ ತೆಗೆದರೂ ಮೊದಲ ಸಾಲು ಅದೇ. ಜ್ವರಕ್ಕೂ ಅದೇ, ತಲೆಸುತ್ತಿಗೂ ಅದೇ. 'ಗ್ಯಾಸ್ ಆಗದಿರಲಿ ಅಂತ' ಅಷ್ಟೇ. ಡಿಡಿಡಿ 40 ಮಿಲಿಗ್ರಾಂ, ಒಂದು ವಯಲ್ ಅಂದರೆ ಒಂದು ಡಿಡಿಡಿ, ಲೆಕ್ಕ ಬಲು ಸಲೀಸು. ಫಾರ್ಮಿನಲ್ಲಿ 'ಯಾಕೆ' ಎಂಬ ಕಾಲಂ ಈಗಲೇ ಸೇರಿಸಿದ್ದೇನೆ, ಡಿಸ್ಚಾರ್ಜ್ ಆದ ಮೇಲೂ ಮುಂದುವರಿಯಿತೇ ಎಂಬುದಕ್ಕೆ ಇನ್ನೊಂದು. ಈ ಸಲ ಫಾರ್ಮನ್ನು ಝೆರಾಕ್ಸ್ ಅಂಗಡಿಯಲ್ಲಿ ಸಾದಾ ಕಾಗದದ ಮೇಲೆ ಮಾಡಿಸುತ್ತೇನೆ.

ಅದಕ್ಕೂ ಮೊದಲು ಸರ್ಜರಿ ವಾರ್ಡ್ ಬಾಕಿ ಇದೆ. ಅಲ್ಲಿ ಕ್ಯಾನುಲಾ ಉಪಾಯ ಅಷ್ಟು ನಡೆಯುವುದಿಲ್ಲ. ಆಂಟಿಬಯಾಟಿಕ್ ನಿಂತ ಮೇಲೂ ಡ್ರಿಪ್ ಮತ್ತು ನೋವಿನ ಇಂಜೆಕ್ಷನ್‌ಗೆ ಎಂದು ಅದು ಕೈಯಲ್ಲೇ ಇರುತ್ತದೆ. ಆಪರೇಷನ್‌ಗೆ ಮುಂಚೆ ಕೊಟ್ಟ ಒಂದು ಡೋಸ್ ಅನಸ್ತೇಸಿಯಾ ಶೀಟಿನಲ್ಲಿ ಬೇರೆಯೇ ಕೂತಿರುತ್ತದೆ. ಸೋಮವಾರದಿಂದ ಆ ಶೀಟ್‌ಗಳನ್ನು ಹುಡುಕಲು ಶುರು.