ಪೂಲ್ ಪಂಪ್ ಕೊಳ್ಳುವ ಮುಂಚೆ ಎಚ್‌ಪಿ ಅಲ್ಲ, ಪೈಪ್ ನೋಡಿ

ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸ್ ಸುತ್ತಮುತ್ತ ಮನೆ ಕೊಂಡರೆ ಹಿತ್ತಲಲ್ಲಿ ಒಂದು ಪೂಲ್ ಜೊತೆಗೇ ಬರುವುದು ಇಲ್ಲಿ ಮಾಮೂಲಿ. ಚಾಂಡ್ಲರ್‌ನ ನಮ್ಮ ಮನೆಗೂ ಹಾಗೇ ಬಂತು. ಹಿಂದಿನವರು ಹಾಕಿಸಿದ್ದ ಒಂದೇ ವೇಗದ ಪಂಪ್ ಬೇಸಿಗೆ ಶುರುವಾಗುವ ಹೊತ್ತಿಗೆ ಬೇರಿಂಗ್ ಹೋಗಿ ಕಿರುಚಲು ಶುರು ಮಾಡಿತು. ಹೊಸದನ್ನು ಆರಿಸುವಾಗ ಓದಿದ್ದು, ಅಳೆದಿದ್ದು, ಲೆಕ್ಕ ಹಾಕಿದ್ದು ಎಲ್ಲವನ್ನೂ ಇಲ್ಲಿ ಬರೆಯುತ್ತಿದ್ದೇನೆ. ಊರಿನ ಕನ್ನಡ ಗೆಳೆಯರು ಸಿಕ್ಕಾಗಲೆಲ್ಲ ಇದನ್ನೇ ಕೇಳುತ್ತಾರೆ.

ಮೊದಲಿಗೆ, ವೇರಿಯಬಲ್ ಸ್ಪೀಡ್, ಅಂದರೆ ವೇಗ ಬದಲಿಸಬಲ್ಲ ಪಂಪ್ ಬೇಕಾ ಬೇಡವಾ ಅನ್ನುವ ಪ್ರಶ್ನೆ ಈಗ ಹೆಚ್ಚುಕಡಿಮೆ ಮುಗಿದಿದೆ. ಪೂಲ್ ಪಂಪ್ ಎಷ್ಟು ಕರೆಂಟ್ ಉಳಿಸಬೇಕು ಅನ್ನುವ ಅಮೆರಿಕದ ಇಂಧನ ಇಲಾಖೆಯ ನಿಯಮ 2021ರ ಜುಲೈ 19ರಿಂದ ಜಾರಿಯಲ್ಲಿದೆ. ಮನೆ ಪೂಲ್‌ಗೆ ಸಾಮಾನ್ಯವಾಗಿ ಹಾಕುವ ಗಾತ್ರದ ಹೊಸ ಪಂಪ್‌ಗಳು ಆ ನಿಯಮಕ್ಕೆ ಹೊಂದಬೇಕಾದರೆ ವೇಗ ಬದಲಿಸುವಂಥವೇ ಆಗಿರಬೇಕು. ಉಳಿದಿರುವ ಪ್ರಶ್ನೆ ಯಾವ ಗಾತ್ರ, ಯಾವ ವೇಗ ಅನ್ನುವುದು. ದುಡ್ಡು ಉಳಿಯುವುದೂ ಹೋಗುವುದೂ ಅಲ್ಲೇ.

ನಮ್ಮದು ಚನ್ನಗಿರಿ ಕಡೆ ಅಡಿಕೆ ತೋಟ. ಫೋನ್‌ನಲ್ಲಿ ವಿಷಯ ಹೇಳಿದ ತಕ್ಷಣ ಅಪ್ಪ ಕೇಳಿದ್ದು, "ಎಷ್ಟು ಎಚ್‌ಪಿ ಹಾಕಿಸ್ತೀಯಮ್ಮ? ಒಂದು ಸೈಜ್ ದೊಡ್ಡದೇ ಇರ್ಲಿ, ಬೇಗ ಕೆಲ್ಸ ಮುಗಿಯುತ್ತೆ." ತೋಟಕ್ಕೆ ಆ ಮಾತು ಸರಿ. ಅಲ್ಲಿ ತ್ರೀ ಫೇಸ್ ಕರೆಂಟ್ ಬರುವುದೇ ದಿನಕ್ಕೆ ಕೆಲವು ಗಂಟೆ. ಬಂದಾಗ ಆದಷ್ಟು ನೀರು ಎತ್ತಿಬಿಡಬೇಕು. 10 ಎಚ್‌ಪಿವರೆಗಿನ ನೀರಾವರಿ ಪಂಪ್‌ಸೆಟ್‌ಗೆ ಕರೆಂಟ್ ಉಚಿತ, ಹಾಗಾಗಿ ಯೂನಿಟ್ ಲೆಕ್ಕ ಇಡುವವರೂ ಕಡಿಮೆ. ಇಲ್ಲಿ ಎಲ್ಲ ತಿರುಗಾಮುರುಗಾ. ಕರೆಂಟ್ ಹಗಲೂ ರಾತ್ರಿ ಇರುತ್ತದೆ, ಆದರೆ ಒಂದೊಂದು ಯೂನಿಟ್‌ಗೂ ದುಡ್ಡು.

ಅದಕ್ಕಿಂತ ಮುಖ್ಯವಾದ ವ್ಯತ್ಯಾಸ ಇನ್ನೊಂದಿದೆ. ಅದನ್ನು ಅಪ್ಪನಿಗೆ ಹೇಳಿದಾಗ ಅವರು ತಕ್ಷಣ ಒಪ್ಪಿಕೊಂಡರು. ಬೋರ್‌ವೆಲ್ ಮೋಟರ್ ನೂರಾರು ಅಡಿ ಆಳದಿಂದ ನೀರನ್ನು ಮೇಲಕ್ಕೆ ಎತ್ತಬೇಕು. ಅದರ ವೇಗ ಒಂದು ಮಿತಿಗಿಂತ ಕಡಿಮೆ ಮಾಡಿದರೆ ನೀರು ಅರ್ಧ ದಾರಿಯಲ್ಲೇ ನಿಲ್ಲುತ್ತದೆ, ಒಂದು ಹನಿಯೂ ಹೊರಗೆ ಬರುವುದಿಲ್ಲ. ಪೂಲ್‌ನಲ್ಲಿ ಎತ್ತುವ ಕೆಲಸವೇ ಇಲ್ಲ. ನೀರು ಪೂಲ್‌ನಿಂದ ಹೊರಟು, ಫಿಲ್ಟರ್ ಹಾಯ್ದು, ಅದೇ ಪೂಲ್‌ಗೆ ವಾಪಸ್ ಬೀಳುತ್ತದೆ. ಪಂಪ್ ಎದುರಿಸಬೇಕಾದದ್ದು ಪೈಪ್, ಎಲ್ಬೋ, ಫಿಲ್ಟರ್‌ಗಳ ತಡೆಯನ್ನು ಮಾತ್ರ. ನೀರು ನಿಧಾನ ಆದಷ್ಟೂ ಈ ತಡೆ ಬೇಗ ಬೇಗ ಇಳಿಯುತ್ತದೆ. ವೇಗ ಅರ್ಧ ಮಾಡಿದರೆ ಹರಿಯುವ ನೀರು ಅರ್ಧ ಆಗುತ್ತದೆ, ಒತ್ತಡ ಕಾಲು ಭಾಗಕ್ಕೆ ಇಳಿಯುತ್ತದೆ, ಬೇಕಾಗುವ ಶಕ್ತಿ ಎಂಟರಲ್ಲಿ ಒಂದು ಭಾಗಕ್ಕೆ ಇಳಿಯುತ್ತದೆ. ಎದುರುಗಾಳಿಗೆ ಸೈಕಲ್ ತುಳಿದವರಿಗೆ ಇದು ಕಾಲಿಗೇ ಗೊತ್ತಿರುತ್ತದೆ. ಅಷ್ಟೇ ನೀರು ತಿರುಗಿಸಲು ಎರಡರಷ್ಟು ಹೊತ್ತು ಓಡಿಸಿದರೂ ಖರ್ಚಾಗುವ ಯೂನಿಟ್ ಕಾಲು ಭಾಗ.

ಇದು ಪುಸ್ತಕದ ಲೆಕ್ಕ. ಮೋಟರ್ ಮತ್ತು ಅದರ ಮೇಲಿನ ಎಲೆಕ್ಟ್ರಾನಿಕ್ ಡ್ರೈವ್ ತಾವೂ ಒಂದಿಷ್ಟು ಕರೆಂಟ್ ತಿನ್ನುತ್ತವೆ. ಹಾಗಾಗಿ ನಿಜವಾದ ಉಳಿತಾಯ ಸ್ವಲ್ಪ ಕಡಿಮೆ. ಆದರೂ ನಮ್ಮ ಪೂಲ್‌ನ ಅಂಕಿ ನೋಡಿ. ಉದ್ದ 30 ಅಡಿ, ಅಗಲ 15 ಅಡಿ, ಸರಾಸರಿ ಆಳ ನಾಲ್ಕೂವರೆ ಅಡಿ. ಒಂದು ಘನ ಅಡಿಗೆ ಏಳೂವರೆ ಗ್ಯಾಲನ್ ಅಂತ ಹಿಡಿದರೆ ಸುಮಾರು 15,000 ಗ್ಯಾಲನ್, ಅಂದರೆ 57,000 ಲೀಟರ್ ಹತ್ತಿರ. ಹಳೇ ಪಂಪ್ 3,450 ಆರ್‌ಪಿಎಂನಲ್ಲಿ (ನಿಮಿಷಕ್ಕೆ ಅಷ್ಟು ಸುತ್ತು) ಸುಮಾರು 1,800 ವಾಟ್ ಎಳೆಯುತ್ತಿತ್ತು. ದಿನಕ್ಕೆ 8 ಗಂಟೆಗೆ 14 ಯೂನಿಟ್ ಚಿಲ್ಲರೆ. ಹೊಸದು 1,500 ಆರ್‌ಪಿಎಂನಲ್ಲಿ ಸುಮಾರು 200 ವಾಟ್, 16 ಗಂಟೆ. ಅದರ ಜೊತೆಗೆ 2,600ರಲ್ಲಿ 800 ವಾಟ್‌ನಂತೆ 2 ಗಂಟೆ. ಒಟ್ಟು 5 ಯೂನಿಟ್‌ಗಿಂತ ಕಡಿಮೆ. ತಿರುಗುವ ನೀರು ಎರಡರಲ್ಲೂ ಹತ್ತಿರಹತ್ತಿರ ಒಂದೇ. ಯೂನಿಟ್‌ಗೆ 15 ಸೆಂಟ್ ಹಿಡಿದರೆ ತಿಂಗಳಿಗೆ 40 ಡಾಲರ್‌ಗೂ ಜಾಸ್ತಿ ಉಳಿತಾಯ. ಪಂಪ್, ಕೂಲಿ ಎಲ್ಲ ಸೇರಿ 1,500 ಡಾಲರ್ ಆಯಿತು ಅಂದುಕೊಳ್ಳಿ, ಮೂರು ವರ್ಷದಲ್ಲಿ ಹಾಕಿದ ದುಡ್ಡು ವಾಪಸ್. ಚಳಿಗಾಲದಲ್ಲಿ ಕಡಿಮೆ ಹೊತ್ತು ಓಡಿಸುವವರಿಗೆ ಇನ್ನು ಕೆಲವು ತಿಂಗಳು ಹಿಡಿಯಬಹುದು.

ಈಗ ಪೈಪ್ ವಿಷಯ. ಇದನ್ನು ನಾನು ಒತ್ತಿ ಹೇಳುತ್ತೇನೆ. ಹಿತ್ತಲಿಗೆ ಕಾಲೂ ಇಡದೆ ಒಬ್ಬ ಗುತ್ತಿಗೆದಾರರು ಫೋನ್‌ನಲ್ಲೇ 3 ಎಚ್‌ಪಿ ಪಂಪ್‌ಗೆ ರೇಟ್ ಹೇಳಿದರು. ನಮ್ಮ ಪೈಪ್ ಒಂದೂವರೆ ಇಂಚಿನದು. ಪಂಪ್‌ಗೆ ನೀರು ಬರುವ ಕಡೆ, ಸೆಕೆಂಡಿಗೆ 6 ಅಡಿಗಿಂತ ವೇಗವಾಗಿ ನೀರು ಹರಿಯಬಾರದು ಅನ್ನುವುದು ಈ ಕೆಲಸದವರು ಪಾಲಿಸುವ ಲೆಕ್ಕ. ಆ ಲೆಕ್ಕದಲ್ಲಿ ಒಂದೂವರೆ ಇಂಚಿನ ಪೈಪ್‌ನಲ್ಲಿ ನಿಮಿಷಕ್ಕೆ ಹೆಚ್ಚೆಂದರೆ 38 ಗ್ಯಾಲನ್ ಹರಿಯಬೇಕು. ಎರಡಿಂಚಿನದಾದರೆ 63ರ ಹತ್ತಿರ. ನೋಡಿ, ಅರ್ಧ ಇಂಚು ಹೆಚ್ಚಿದರೆ ಎಷ್ಟು ಅಂತರ! ಇಕ್ಕಟ್ಟಾದ ಪೈಪ್‌ಗೆ 3 ಎಚ್‌ಪಿ ಕೂರಿಸಿದರೆ ಅದರ ಪೂರ್ತಿ ವೇಗವನ್ನು ಬಳಸುವ ದಿನವೇ ಬರುವುದಿಲ್ಲ. ಬಳಸದ ಶಕ್ತಿಗೆ ಸುಮ್ನೆ ಯಾಕೆ ದುಡ್ಡು ಕೊಡಬೇಕು? ಪೈಪ್ ಮೇಲೆ ಅಳತೆ ಅಚ್ಚಾಗಿರುತ್ತದೆ. ಬಿಸಿಲಿಗೆ ಅಳಿಸಿ ಹೋಗಿದ್ದರೆ ದಾರ ಸುತ್ತಿ ಹೊರಸುತ್ತು ಅಳೆಯಿರಿ. ಒಂದೂವರೆ ಇಂಚಿನ ಪೈಪ್‌ಗೆ ಸುಮಾರು 6 ಇಂಚು, ಎರಡಿಂಚಿನದಕ್ಕೆ ಸುಮಾರು ಏಳೂವರೆ ಇಂಚು ಬರುತ್ತದೆ.

ಹಾಗಂತ ದೊಡ್ಡ ಪಂಪ್ ಯಾರಿಗೂ ಬೇಡ ಅಂತಲ್ಲ. ಪೂಲ್ ತಳದಿಂದಲೇ ನೀರು ಚಿಮ್ಮಿ ಕಸ ತಳ್ಳುವ ಇನ್‌ಫ್ಲೋರ್ ಕ್ಲೀನಿಂಗ್ ವ್ಯವಸ್ಥೆ ಅರಿಜೋನಾದ ಮನೆಗಳಲ್ಲಿ ತುಂಬಾ ಇದೆ. ಆ ನಳಿಕೆಗಳು ಮೇಲೇಳಬೇಕಾದರೆ ಜೋರಾದ ಹರಿವು ಬೇಕು. ಅಂಥವರಿಗೆ 2.7 ಅಥವಾ 3 ಎಚ್‌ಪಿ ಸರಿ. ಜಲಪಾತ, ಸ್ಪಾ ಜೆಟ್ ಇದ್ದವರಿಗೂ ಅಷ್ಟೇ. ಚಾವಣಿಯ ಮೇಲೆ ಸೋಲಾರ್ ಹೀಟರ್ ಇದ್ದರೆ ಕತೆ ಸ್ವಲ್ಪ ಬೋರ್‌ವೆಲ್ ಥರ. ಶುರುವಿನಲ್ಲಿ ನೀರನ್ನು ಚಾವಣಿಯವರೆಗೆ ಎತ್ತಲೇಬೇಕು. ಪೈಪ್ ತುಂಬಿ ಇಳಿಯಲು ಶುರುವಾದ ಮೇಲೆ ವೇಗ ಇಳಿಸಬಹುದು. ನಮ್ಮಲ್ಲಿ ಇದ್ಯಾವುದೂ ಇಲ್ಲ. ತೇಲುವ ಕಸ ಎಳೆದುಕೊಳ್ಳುವ ಒಂದು ಸ್ಕಿಮ್ಮರ್, ತಳದ ಡ್ರೇನ್, ಕಾರ್ಟ್ರಿಡ್ಜ್ ಫಿಲ್ಟರ್, ಉಪ್ಪಿನಿಂದ ಕ್ಲೋರಿನ್ ಮಾಡುವ ಸಾಲ್ಟ್ ಸೆಲ್. ಇಷ್ಟಕ್ಕೆ 1.65 ಎಚ್‌ಪಿ ಧಾರಾಳ ಸಾಕು.

ಎಚ್‌ಪಿ ಅಂಕಿಯಲ್ಲೂ ಒಂದು ತಿರುವು ಇದೆ. ಹಳೇ ಮೋಟರ್‌ನ ಲೇಬಲ್‌ನಲ್ಲಿ ಎಚ್‌ಪಿ ಪಕ್ಕದಲ್ಲಿ ಸರ್ವಿಸ್ ಫ್ಯಾಕ್ಟರ್ ಅಂತ ಇನ್ನೊಂದು ಅಂಕಿ ಇರುತ್ತದೆ. ಎರಡನ್ನೂ ಗುಣಿಸಿದರೆ ಬರುವುದು ಮೋಟರ್‌ನ ನಿಜವಾದ ಶಕ್ತಿ. 1 ಎಚ್‌ಪಿಗೆ 1.65 ಫ್ಯಾಕ್ಟರ್ ಇದ್ದರೂ, 1.5 ಎಚ್‌ಪಿಗೆ 1.1 ಇದ್ದರೂ ಬರುವುದು ಒಂದೇ 1.65. ಅಂಗಡಿಯಲ್ಲಿ ಒಂದಕ್ಕೊಂದು ಹೋಲಿಸುವಾಗ ಹೀಗೆ ಗುಣಿಸಿ ಬರುವ ಟೋಟಲ್ ಹಾರ್ಸ್‌ಪವರ್ ನೋಡಿ.

ಅದಾದ ಮೇಲೆ ಡಬ್ಲ್ಯುಇಎಫ್ ಅನ್ನುವ ಅಂಕಿ ನೋಡಿ. ಒಂದು ಯೂನಿಟ್ ಕರೆಂಟ್‌ಗೆ ಎಷ್ಟು ಸಾವಿರ ಗ್ಯಾಲನ್ ನೀರು ತಿರುಗುತ್ತದೆ ಅನ್ನುವುದನ್ನು ಅದು ಹೇಳುತ್ತದೆ. ಇದರಲ್ಲಿ ಜೋರು ವೇಗಕ್ಕೆ ನೂರಕ್ಕೆ 20, ನಿಧಾನದ ವೇಗಕ್ಕೆ 80 ತೂಕ. ಅಂದರೆ ನಾವು ನಿಜವಾಗಿ ಪಂಪ್ ಓಡಿಸುವ ರೀತಿಗೆ ಹತ್ತಿರದ ಅಳತೆ. ಜಾಸ್ತಿ ಇದ್ದಷ್ಟೂ ಒಳ್ಳೆಯದು. ಪೆಂಟೇರ್, ಹೇವರ್ಡ್, ಜ್ಯಾಂಡಿ ಈ ಮೂರು ಕಂಪನಿಗಳ ಪಂಪ್‌ಗಳೂ ಇಲ್ಲಿ ಎಲ್ಲ ಕಡೆ ಸಿಗುತ್ತವೆ, ಮೂರೂ ಚೆನ್ನಾಗಿವೆ. ನಾನು ಹೆಸರಿಗಿಂತ ಮೂರು ವಿಷಯಕ್ಕೆ ಬೆಲೆ ಕೊಟ್ಟೆ. ಪೈಪ್ ಕತ್ತರಿಸದೆ ಹಳೇ ಜಾಗದಲ್ಲೇ ಕೂರುತ್ತಾ? ನಮ್ಮೂರಲ್ಲಿ ಬಿಡಿಭಾಗ ಸಿಗುತ್ತಾ? ವಾರಂಟಿಯ ಷರತ್ತು ಏನು? ಆನ್‌ಲೈನ್‌ನಲ್ಲಿ ಕೊಂಡು ಸ್ವಂತ ಕೂರಿಸಿಕೊಂಡರೆ ವಾರಂಟಿ ಕಡಿಮೆ ಮಾಡುವ ತಯಾರಕರೂ ಇದ್ದಾರೆ. ಆ ಸಣ್ಣ ಅಕ್ಷರಗಳನ್ನು ಕೊಳ್ಳುವ ಮುಂಚೆಯೇ ಓದಬೇಕು.

ವೈರಿಂಗ್ ಬಗ್ಗೆ ದಯವಿಟ್ಟು ಹುಷಾರಾಗಿರಿ. ನೀರು ಮತ್ತು ಕರೆಂಟ್ ಜೊತೆಗಿರುವ ಜಾಗ ಇದು, ಮಕ್ಕಳು ಆಡುವ ಜಾಗ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ನನ್ನೇ ಕರೆಸಿ. ಪಂಪ್‌ನ ಲೋಹದ ಮೈಗೆ ಪೂಲ್ ಸುತ್ತಲಿನ ಲೋಹದ ಭಾಗಗಳನ್ನು ಒಂದಕ್ಕೊಂದು ಸೇರಿಸುವ ದಪ್ಪ ತಾಮ್ರದ ಬಾಂಡಿಂಗ್ ವೈರ್ ಮತ್ತೆ ಜೋಡಿಸಿದ್ದಾರಾ, ಕರೆಂಟ್ ಸೋರಿದರೆ ತಕ್ಷಣ ಕಡಿದುಬಿಡುವ ಜಿಎಫ್‌ಸಿಐ ಬ್ರೇಕರ್ ಇದೆಯಾ ಅಂತ ಎದುರಿಗೇ ನಿಂತು ನೋಡಿ. ಇನ್ನೊಂದು ಸೂಕ್ಷ್ಮ ಇದೆ. ಹಳೇ ಪಂಪ್ ಗೋಡೆಯ ಮೇಲಿನ ಟೈಮರ್‌ನಿಂದ ಓಡುತ್ತಿತ್ತು. ಹೊಸದಕ್ಕೆ ತನ್ನದೇ ಗಡಿಯಾರ ಇರುತ್ತದೆ, ಕರೆಂಟ್ ಸದಾ ಇರಬೇಕು. ಸಾಲ್ಟ್ ಸೆಲ್ ಕೂಡ ಅದೇ ಟೈಮರ್‌ಗೆ ಜೋಡಿಸಿದ್ದರೆ, ಪಂಪ್ ನಿಂತಾಗ ಸೆಲ್ ಕೂಡ ನಿಲ್ಲುವಂತೆ ವೈರಿಂಗ್ ಬದಲಿಸಬೇಕು. ನಿಂತ ನೀರಿನಲ್ಲಿ ಸೆಲ್ ಓಡಿದರೆ ಒಳಗೆ ಹೈಡ್ರೋಜನ್ ಗ್ಯಾಸ್ ಸೇರಿಕೊಳ್ಳುತ್ತದೆ. ಅದು ಸಿಡಿಯಬಲ್ಲ ಗ್ಯಾಸ್. ಸೆಲ್‌ನಲ್ಲಿ ನೀರು ಹರಿಯದಿದ್ದರೆ ಅದನ್ನು ನಿಲ್ಲಿಸುವ ಫ್ಲೋ ಸ್ವಿಚ್ ಸಾಮಾನ್ಯವಾಗಿ ಇರುತ್ತದೆ, ಆದರೆ ಅದೊಂದನ್ನೇ ನಂಬಿ ಕೂರುವುದು ಬೇಡ.

ಬಿಸಿಲು ನಮ್ಮೂರಿನ ಇನ್ನೊಂದು ಸಮಸ್ಯೆ. 2023ರಲ್ಲಿ ಫೀನಿಕ್ಸ್‌ನಲ್ಲಿ ಸತತ 31 ದಿನ 110 ಡಿಗ್ರಿ ಫ್ಯಾರನ್‌ಹೀಟ್ ದಾಟಿತ್ತು ಅಥವಾ ಮುಟ್ಟಿತ್ತು. ಅದು 43 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ. ಈ ಪಂಪ್‌ನ ಮಿದುಳು ಇರುವುದು ಮೇಲಿನ ಡ್ರೈವ್‌ನಲ್ಲಿ. ಸೆಕೆ ಅದಕ್ಕೆ ಒಗ್ಗುವುದಿಲ್ಲ. ಪಶ್ಚಿಮದ ಗೋಡೆ ಪಕ್ಕ ಪಂಪ್ ಇರುವವರು ಒಂದು ನೆರಳು ಕಟ್ಟಿಸಿ. ಆದರೆ ಸುತ್ತ ಮುಚ್ಚಬೇಡಿ, ಗಾಳಿ ಆಡಬೇಕು.

ಪಂಪ್ ಕೂತ ಮೇಲೆ ವೇಗ ಹೊಂದಿಸುವುದೇ ನಿಜವಾದ ಕೆಲಸ, ಅಲ್ವಾ? ಕೂರಿಸಲು ಬಂದವರು ತಮಗೆ ಅಭ್ಯಾಸವಾದ ಜೋರು ವೇಗಕ್ಕೆ ಇಟ್ಟು ಹೋದರೆ ಉಳಿತಾಯವೆಲ್ಲ ಅಲ್ಲೇ ಸೋರಿಹೋಗುತ್ತದೆ. ನಾನು ಮಾಡಿದ್ದು ಹೀಗೆ. ಫಿಲ್ಟರ್ ತೊಳೆದು, ವೇಗವನ್ನು 100 ಆರ್‌ಪಿಎಂನಂತೆ ಇಳಿಸುತ್ತಾ ಹೋದೆ. ಒಂದು ಹಂತದಲ್ಲಿ ಸಾಲ್ಟ್ ಸೆಲ್ ಹರಿವು ಸಾಲದು ಅಂತ ದೀಪ ತೋರಿಸಿತು. ಅಲ್ಲಿಂದ ಸ್ವಲ್ಪ ಮೇಲೆ, 1,500ಕ್ಕೆ ನಿಲ್ಲಿಸಿದೆ. ಫಿಲ್ಟರ್‌ನಲ್ಲಿ ಕಸ ಸೇರಿದರೂ ಹರಿವು ಸಾಕಾಗಲಿ ಅಂತ ಆ ಅಂತರ. ಗ್ಯಾಸ್ ಹೀಟರ್ ಇದ್ದವರು ಅದಕ್ಕೆ ಬೇಕಾದ ಕನಿಷ್ಠ ಹರಿವನ್ನೂ ನೋಡಿಕೊಳ್ಳಬೇಕು. ಪ್ರತಿ ಸಲ ಶುರುವಾಗುವಾಗ ಪಂಪ್ ಗಾಳಿ ಹೊರಹಾಕಲು ಪೂರ್ತಿ ವೇಗಕ್ಕೆ ಏರುವ ಪ್ರೈಮಿಂಗ್ ಸೆಟ್ಟಿಂಗ್ ಇರುತ್ತದೆ. ಇಕ್ಕಟ್ಟಾದ ಪೈಪ್ ಇದ್ದವರು ಆ ಮಿತಿಯನ್ನೂ ಇಳಿಸುವುದು ಒಳ್ಳೆಯದು.

ನಿಧಾನದ ವೇಗದಲ್ಲಿ ಫಿಲ್ಟರ್‌ನ ಒತ್ತಡದ ಮುಳ್ಳು ಸೊನ್ನೆಯ ಹತ್ತಿರವೇ ಇರುತ್ತದೆ. ಅದು ಕೆಟ್ಟಿಲ್ಲ, ಗಾಬರಿ ಬೇಡ. ಫಿಲ್ಟರ್ ತೊಳೆದ ದಿನ 2,600ರಲ್ಲಿ ಮುಳ್ಳು ಎಲ್ಲಿದೆ ಅಂತ ಗುರುತು ಹಾಕಿಕೊಳ್ಳಿ. ಮುಂದೆ ಅದೇ ವೇಗದಲ್ಲಿ ಹೋಲಿಸಿದರೆ ಯಾವಾಗ ತೊಳೆಯಬೇಕು ಅನ್ನುವುದು ತಿಳಿಯುತ್ತದೆ.

ಆ 2 ಗಂಟೆ ಜೋರು ವೇಗ ಯಾಕೆ ಅಂದರೆ ಸ್ಕಿಮ್ಮರ್‌ಗಾಗಿ. 1,500ರಲ್ಲಿ ನೀರು ಶುದ್ಧವಾಗುತ್ತದೆ, ಆದರೆ ಮೇಲೆ ತೇಲುವ ಕಸವನ್ನು ಎಳೆದುಕೊಳ್ಳುವ ಬಲ ಸಾಲದು. ವಸಂತದಲ್ಲಿ ಪಾಲೋ ವರ್ಡೆ ಮರಗಳು ಹೂ ಉದುರಿಸಿದಾಗ ನೀರಿನ ಮೇಲೆ ಹಳದಿ ಹಾಸು. ಆಗ ಬೆಳಿಗ್ಗೆಯ ಜೋರು ಹೊತ್ತನ್ನು ಹೆಚ್ಚಿಸುತ್ತೇನೆ. ಜುಲೈ, ಆಗಸ್ಟ್‌ನಲ್ಲಿ ಹಬೂಬ್ ಧೂಳು ಬಂದು ಹೋದ ಮೇಲೂ ಹಾಗೇ. ಉಳಿದ ದಿನ ಬೆಳಿಗ್ಗೆ ಬೇಗ ಮುಗಿಸಿಬಿಡುತ್ತೇನೆ, ಸಂಜೆ ಕರೆಂಟ್ ದರ ಏರುವ ಹೊತ್ತಿನಲ್ಲಿ 200 ವಾಟ್ ಮಾತ್ರ. ಆ ದುಬಾರಿ ಹೊತ್ತಿನಲ್ಲಿ ಇಡೀ ತಿಂಗಳಲ್ಲೇ ಅತಿ ಜಾಸ್ತಿ ಕರೆಂಟ್ ಎಳೆದ ಒಂದು ಗಂಟೆಯನ್ನು ನೋಡಿ ಡಿಮಾಂಡ್ ಚಾರ್ಜ್ ಅನ್ನುವ ಹೆಚ್ಚುವರಿ ಶುಲ್ಕ ಹಾಕುವ ಪ್ಲಾನ್‌ಗಳೂ ಇಲ್ಲಿವೆ. ನಿಮ್ಮದು ಅಂಥ ಪ್ಲಾನ್ ಆಗಿದ್ದರೆ ಎಸಿ ಜೊತೆಗೆ ಪಂಪ್‌ನ ಜೋರು ಹೊತ್ತು ಸೇರದಂತೆ ಗಡಿಯಾರ ಹೊಂದಿಸಿ. ಕರೆಂಟ್ ಹೋಗಿ ಬಂದ ಮೇಲೆ ಪಂಪ್‌ನ ಗಡಿಯಾರ ಸರಿಯಾದ ಸಮಯ ತೋರಿಸುತ್ತಿದೆಯಾ ಅಂತಲೂ ಒಮ್ಮೆ ನೋಡಿ.